ಎತ್ತಿನ ಅಂಕಣಕ್ಕೆ ಬಂದ ಬುಲೆಟ್ಟು

ನಮ್ಮ ಕಡೆ ಮನೆಯನ್ನು ಚದರಡಿಯಲ್ಲಿ ಅಳೆಯುವುದು ಈಚಿನ ರೂಢಿ. ಅಪ್ಪ ಗಾರೆ ಮೇಸ್ತ್ರಿಯಾಗಿದ್ದ ಕಾಲದಲ್ಲಿ ಮನೆ ಕಟ್ಟಿಸುವವರು ಬಂದರೆ ಅವರನ್ನು ಕೇಳುತ್ತಿದ್ದ ಮೊದಲ ಮಾತು, “ಎಷ್ಟು ಅಂಕಣ ಹಾಕ್ಸಾಣ ಗೌಡ್ರೇ?” ನಾಲ್ಕು ಕಂಬದ ನಡುವಿನ ಜಾಗ ಒಂದು ಅಂಕಣ. ಅದರ ಅಗಲವನ್ನು ತೀರ್ಮಾನಿಸುತ್ತಿದ್ದುದು ಮೇಸ್ತ್ರಿಯೂ ಅಲ್ಲ, ಯಜಮಾನನೂ ಅಲ್ಲ, ಸಿಕ್ಕಿದ ಮರ. ಎಂಟಡಿಯ ಬೇವಿನ ತೊಲೆ ಸಿಕ್ಕಿದರೆ ಎಂಟಡಿ, ಒಂಬತ್ತಡಿಯ ಮತ್ತಿ ಸಿಕ್ಕಿದರೆ ಒಂಬತ್ತಡಿ. ಅದಕ್ಕೂ ಉದ್ದ ಹೋದರೆ ಮೇಲಿನ ಮಣ್ಣಿನ ಭಾರಕ್ಕೆ ತೊಲೆ ಬಾಗುತ್ತಿತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲೇ ಹೋಗಿ ಹಳೆಯ ಮಾಳಿಗೆ ಮನೆಗೆ ಟೇಪು ಹಿಡಿದರೂ ಅಂಕಣ ಹೆಚ್ಚುಕಡಿಮೆ ಇಷ್ಟರಲ್ಲೇ ಸಿಗುತ್ತದೆ.

ಬುಲೆಟ್ ಬೈಕಿನ ಉದ್ದ ಸುಮಾರು 7 ಅಡಿ. ಹ್ಯಾಂಡಲ್ ತುದಿಯಿಂದ ತುದಿಗೆ ಎರಡೂವರೆ ಅಡಿ. ಅಂಕಣದ ಅಳತೆ, ಬೈಕಿನ ಅಳತೆ ಇವೆರಡೂ ಅರವತ್ತು ವರ್ಷಗಳಿಂದ ಎಲ್ಲಿ ಹೊಂದಿಕೊಂಡವು, ಎಲ್ಲಿ ಹೊಂದಿಕೊಳ್ಳಲಿಲ್ಲ ಎನ್ನುವುದು ನನಗೆ ಗೊತ್ತಿರುವ ಚರಿತ್ರೆ. ಕೋಟೆ, ನಾಯಕರು, ಕಾಳಗಗಳ ಚರಿತ್ರೆ ಬರೆಯುವವರು ದುರ್ಗದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಸಿವಿಲ್ ಡಿಪ್ಲೊಮಾ ಓದಿ ಮನೆಗಳ ಪ್ಲಾನ್ ಬರೆದುಕೊಂಡು ಬಂದವನು. ಬಾಗಿಲು, ಹೊಸ್ತಿಲು, ಜಗಲಿ, ಚರಂಡಿ ಇವೇ ನನ್ನ ದಫ್ತರ.

ಮಾಳಿಗೆ ಮನೆ ನೋಡದವರಿಗಾಗಿ ಒಂದೆರಡು ಮಾತು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತೆ, ಜಂತೆಯ ಮೇಲೆ ಸೊಪ್ಪು ಸದೆ, ಅದರ ಮೇಲೆ ಗೇಣುಗಟ್ಟಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಕರ್ಲು ಮಣ್ಣು. ಈ ಚೌಳು ಗುಣದ ಮಣ್ಣು ಮಳೆ ಬಿದ್ದರೆ ಬಿಗಿದುಕೊಂಡು ನೀರು ಇಳಿಯಗೊಡುವುದಿಲ್ಲ. ಮಳೆ ಕಡಿಮೆ ಬೀಳುವ ಸೀಮೆಗೆ ಇದು ಸಾಕು. ಗೋಡೆ ಎರಡಡಿಗೂ ದಪ್ಪ. ಕಿಟಕಿ ಇಲ್ಲವೆಂದೇ ಹೇಳಬಹುದು. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಮುಂಬಾಗಿಲು ದಾಟಿದೊಡನೆ ಸಿಗುವುದು ಪಡಸಾಲೆಯಲ್ಲ, ದನದ ಅಂಕಣ. ಅಲ್ಲಿಂದ ಒಂದೂವರೆ ಎರಡಡಿ ಮೇಲೆ ಹತ್ತಿದರೆ ಜನ ಇರುವ ಜಾಗ. ಎತ್ತು, ಹಸು, ಕರು ಕೆಳಗೆ, ಮನುಷ್ಯರು ಮೇಲೆ, ಎರಡಕ್ಕೂ ಒಂದೇ ಬಾಗಿಲು.

ಈ ಏರ್ಪಾಟನ್ನು ಕೊಳಕು ಎಂದು ಬೈದವರು ಬಹಳ. ಶಾಲೆಯ ಆರೋಗ್ಯದ ಪಾಠದಲ್ಲೇ ಬೈಗುಳವಿತ್ತು. ಬೈದವರಿಗೆ ಜೋಗಿಮಟ್ಟಿ ಬೆಟ್ಟಸಾಲಿನ ಚಿರತೆ, ಕರಡಿ ಗೊತ್ತಿರಲಿಲ್ಲ, ದನಗಳ್ಳರೂ ಗೊತ್ತಿರಲಿಲ್ಲ. ಒಂದು ಜೊತೆ ಎತ್ತು ಎಂದರೆ ಒಂದು ಸಂಸಾರದ ಇಡೀ ಬಂಡವಾಳ. ಅದನ್ನು ರಾತ್ರಿ ಹೊರಗೆ ಬಿಟ್ಟು ಯಾವ ರೈತನಿಗೂ ನಿದ್ದೆ ಬರುತ್ತಿರಲಿಲ್ಲ. ಗಾಡಿಯಾದರೋ ಹೊರಗೇ ನಿಲ್ಲುತ್ತಿತ್ತು. ಮೂಕಿ ನೆಲಕ್ಕೆ ಊರಿ ಬೀದಿಯಲ್ಲಿ ಬಿಟ್ಟರೆ ಮಳೆಗೆ ನೆನೆಯುತ್ತಿತ್ತು, ಬಿಸಿಲಿಗೆ ಒಣಗುತ್ತಿತ್ತು, ಮಕ್ಕಳು ಹತ್ತಿ ಕುಣಿಯುತ್ತಿದ್ದರು. ಎತ್ತಿಲ್ಲದ ಗಾಡಿಯನ್ನು ಯಾರು ಕದ್ದು ಎಲ್ಲಿಗೆ ಒಯ್ಯಬೇಕು?

ನಾನು ಹೇಳಬೇಕಾದ ಸಂಗತಿ ಇರುವುದು ಇಲ್ಲೇ. ಮೋಟಾರು ಬೈಕು ನಮ್ಮ ಊರುಗಳಿಗೆ ಬಂದಾಗ ಅದನ್ನು ಜನ ಕರೆದದ್ದು ಗಾಡಿ ಎಂದೇ. ಆದರೆ ಅದಕ್ಕೆ ಗಾಡಿಯ ಜಾಗ ಕೊಡಲಿಲ್ಲ, ಎತ್ತಿನ ಜಾಗ ಕೊಟ್ಟರು. ಹಾಗೆ ಕೊಡಲು ಎತ್ತಿನ ಅಂಕಣ ಇದ್ದ ಮನೆಗಳಲ್ಲಿ ಎಂಥ ದೊಡ್ಡ ಬೈಕೂ ಸಲೀಸಾಗಿ ಒಳಗೆ ಹೋಯಿತು. ಎತ್ತು ಕಟ್ಟದ ಮನೆಗಳಲ್ಲಿ, ಅವು ಎಷ್ಟೇ ದೊಡ್ಡವಾಗಿರಲಿ, ಬೈಕಿಗೆ ಸಲೀಸಾದ ಜಾಗ ಸಿಗಲಿಲ್ಲ.

ಬೈಕುಗಳ ಕಡೆಯಿಂದ ಒಂದಿಷ್ಟು ಹೇಳಿಬಿಡುತ್ತೇನೆ. ಮದ್ರಾಸಿನಲ್ಲಿ ಎನ್‌ಫೀಲ್ಡ್ ಕಂಪನಿ ಬುಲೆಟ್ ಜೋಡಿಸಲು ತೊಡಗಿದ್ದು 1955ರಲ್ಲಿ. ಮೊದಮೊದಲು ಅದು ಸೈನ್ಯದ, ಪೊಲೀಸರ ಬೈಕು. ನಮ್ಮವರ ಕೈಗೆ ನಿಜವಾಗಿ ಎಟುಕಿದ್ದು ಜಾವಾ. ಚೆಕೊಸ್ಲೊವಾಕಿಯದ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ಹೊರತರಲು ಶುರುಮಾಡಿತು. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ನಮ್ಮ ರಾಜ್ಯದಲ್ಲೇ ತಯಾರಾಗುವ, ಕಲ್ಲುಮಣ್ಣಿನ ರಸ್ತೆಗೂ ಜಗ್ಗದ 250 ಸಿ.ಸಿ. ಬೈಕು ಅಡಿಕೆ, ತೆಂಗು ಇದ್ದವರ ಕಣ್ಣಿಗೆ ಬೀಳದೆ ಇರುತ್ತದೆಯೇ? 1973ರಿಂದ ಅದೇ ಕಾರ್ಖಾನೆಯ ಬೈಕಿಗೆ ಯೆಜ್ಡಿ ಎಂಬ ಹೆಸರು ಬಂತು. ಕಾರ್ಖಾನೆ ಮುಚ್ಚಿದ್ದು 1996ರಲ್ಲಿ.

ಅಪ್ಪನಿಗೆ ಬೈಕಿನ ಕೆಲಸ ಮೊದಲು ಬಂದದ್ದು ಹೊಳಲ್ಕೆರೆ ತಾಲ್ಲೂಕು ರಾಮಗಿರಿ ಕಡೆಯ ಒಂದು ತೋಟದ ಮನೆಯಿಂದ. ನಾನಾಗ ಮಿಡ್ಲ್ ಸ್ಕೂಲಿನ ಹುಡುಗ; ಬೇಸಿಗೆ ರಜೆಯಲ್ಲಿ ಗಾರೆ ಬಾಂಡ್ಲಿ ಹೊರಲು ಜೊತೆಗೆ ಹೋಗಿದ್ದೆ. ಆ ಮನೆಯಲ್ಲಿ ಎರಡು ಜೊತೆ ಎತ್ತು. ಹೊಸ ಜಾವಾವನ್ನು ಜಗಲಿಯ ಪಕ್ಕ ಬಿಡುವುದಕ್ಕೆ ಯಜಮಾನರಿಗೆ ಮನಸ್ಸಿಲ್ಲ. ಅಡಿಕೆ ಮೂಟೆ ಇಡುವ ಕೋಣೆಯಲ್ಲಿ ನಿಲ್ಲಿಸಿದರೆ ಪೆಟ್ರೋಲಿನ ವಾಸನೆ ಅಡಿಕೆಗೆ ಹತ್ತುತ್ತದೆ, ಮಂಡಿಯವರು ಮೂಸಿ ನೋಡಿ ಬೆಲೆ ಕಡಿಯುತ್ತಾರೆ ಎಂಬ ಭಯ. ಉಳಿದದ್ದು ದನದ ಅಂಕಣ. ಆ ಮನೆಯ ಅಜ್ಜಿ ಒಪ್ಪಲಿಲ್ಲ.

“ಹೊಟ್ಟೆಗೆ ಹುಲ್ಲು ತಿನ್ನೋ ಜೀವದ ಪಕ್ಕ ಅದನ್ನ ತಂದು ನಿಲ್ಲುಸ್ತೀಯಲ್ಲೋ, ಬೆಂಕಿ ಗಿಂಕಿ ಆದ್ರೆ?” ಅಂತ ಮಗನನ್ನು ಕೇಳಿದಳು.

ಅಪ್ಪ ಅಜ್ಜಿಯ ಪಕ್ಷ ಹಿಡಿದರು. ಬೈಕಿಗೂ ಎತ್ತಿಗೂ ನಡುವೆ ಎದೆಯೆತ್ತರದ ಒಂದು ಮೋಟು ಗೋಡೆ ಎಬ್ಬಿಸಿ, ಗೋದಲಿಯನ್ನು ಒಂದು ಮಗ್ಗುಲಿಗೆ ಸರಿಸಿ ಕಟ್ಟಿದರು. ಬಾಗಿಲಿನಿಂದ ಒಳಕ್ಕೆ ನೆಲ ಸಮವಾಗಿಯೇ ಇತ್ತು, ಏಕೆಂದರೆ ದನ ಮೆಟ್ಟಿಲು ಹತ್ತುವುದಿಲ್ಲ. ಹೊಸ್ತಿಲೂ ಗಿಡ್ಡ. ಬೇವಿನ ಹಲಗೆ ಒಂದನ್ನು ಎರಡೂ ಕಡೆ ಇಳಿಜಾರಾಗಿ ಕೆತ್ತಿ ಹೊಸ್ತಿಲ ಮೇಲೆ ಕೂರುವ ಹಾಗೆ ಮಾಡಿದ್ದು ಬಡಗಿ. ಹೊಸ್ತಿಲನ್ನು ಕಡಿದು ತಗ್ಗಿಸಿದರೆ ಕೆಲಸ ಇನ್ನೂ ಸುಲಭವಿತ್ತು. ಅರಿಸಿನ ಕುಂಕುಮ ಹಚ್ಚುವ ಹೊಸ್ತಿಲಿಗೆ ಉಳಿ ಇಡು ಅಂತ ಯಾರು ಹೇಳುತ್ತಾರೆ, ಹೇಳಿದರೂ ಯಾವ ಬಡಗಿ ಇಡುತ್ತಾನೆ? ಹಾಗಾಗಿ ಹಲಗೆ. ಬೆಳಿಗ್ಗೆ ಹಾಕುವುದು, ಗಾಡಿ ಹೋದ ಮೇಲೆ ತೆಗೆದು ಗೋಡೆಗೆ ಒರಗಿಸುವುದು. ಈ ಹಲಗೆಯ ಉಪಾಯ ಅಲ್ಲೇ ಹುಟ್ಟಿತು ಎಂದು ನಾನು ಹೇಳುವುದಿಲ್ಲ. ಆಮೇಲೆ ನಾಲ್ಕೂ ತಾಲ್ಲೂಕಿನಲ್ಲಿ ಅದನ್ನು ನೋಡಿದ್ದೇನೆ.

ಬಾಗಿಲಿನ ಅಗಲ ಮೂರಡಿಗೆ ಒಂದೆರಡು ಅಂಗುಲ ಕಡಿಮೆ. ಕೊಂಬು ಅಗಲವಾದ ಎತ್ತು ಅಂಥ ಬಾಗಿಲಲ್ಲಿ ನೇರವಾಗಿ ನುಗ್ಗುವುದಿಲ್ಲ. ಕತ್ತು ಓರೆ ಮಾಡಿ ಒಂದು ಕೊಂಬನ್ನು ಮೊದಲು ಒಳಗೆ ಬಿಟ್ಟು, ಆಮೇಲೆ ಇನ್ನೊಂದನ್ನು ಎಳೆದುಕೊಳ್ಳುತ್ತದೆ. ಹ್ಯಾಂಡಲನ್ನೂ ಹಾಗೇ ದಾಟಿಸಬೇಕು. ಎತ್ತು ಹೊಡೆದು ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ. ಆದರೆ ಎತ್ತಿಗೆ ಬೆನ್ನು ಬಾಗುತ್ತದೆ, ಬೈಕಿಗೆ ಕತ್ತು ಮಾತ್ರ ತಿರುಗುತ್ತದೆ. ಎಂಟಡಿ ಅಂಕಣದೊಳಗೆ ಎತ್ತು ತಾನೇ ಸುತ್ತಿಕೊಂಡು ಬಾಗಿಲಿಗೆ ಮುಖ ಮಾಡುತ್ತಿತ್ತು. 7 ಅಡಿಯ ಬೈಕಿಗೆ ಅದು ಸಾಧ್ಯವಿಲ್ಲ. ಅದಕ್ಕೇ ರಾತ್ರಿ ಬಂದವನೇ ಬೀದಿಯಲ್ಲಿ ತಿರುಗಿಸಿ ಹಿಂದು ಹಿಂದಕ್ಕೆ ತಳ್ಳಿಕೊಂಡು ಒಳಗೆ ಹೋಗುವುದು ರೂಢಿಯಾಯಿತು. ಬೀದಿಯೂ ಇಕ್ಕಟ್ಟಾಗಿದ್ದ ಕಡೆ ಇನ್ನೊಂದು ದಾರಿಯಿತ್ತು. ನಡು ಸ್ಟ್ಯಾಂಡು ಹಾಕಿ, ಅದರ ಕಾಲ ಕೆಳಗೆ ಎಣ್ಣೆ ಸವರಿದ ತಗಡು ಸರಿಸಿ, ಹಿಂದಿನ ಚಕ್ರ ಎತ್ತರದಲ್ಲಿರುವಾಗಲೇ ಇಡೀ ಗಾಡಿಯನ್ನು ಗಿರ್ರನೆ ಅರ್ಧ ಸುತ್ತು ತಿರುಗಿಸುವುದು. ಜಾವಾದಲ್ಲಿ ಇದು ನಡೆಯುತ್ತಿತ್ತು. 160 ಕೆ.ಜಿ. ಮೀರಿದ ಬುಲೆಟ್ಟಿನಲ್ಲಿ ಹೀಗೆ ಮಾಡಹೋಗಿ ಸ್ಟ್ಯಾಂಡಿನ ಕಾಲು ಸೊಟ್ಟ ಮಾಡಿಕೊಂಡವರ ಹೆಸರು ಹೇಳಬಲ್ಲೆ, ಹೇಳುವುದಿಲ್ಲ. ಈಗ ಅಂಗಡಿಯಲ್ಲಿ ಸಣ್ಣ ಗಾಲಿಯ ಹಲಗೆಗಳೇ ಸಿಗುತ್ತವೆ, ಬೈಕನ್ನು ಅದರ ಮೇಲೆ ಹತ್ತಿಸಿ ಅಡ್ಡಡ್ಡ ಸರಿಸಬಹುದು. ಆದರೆ ಅವು ನಡೆಯುವುದು ಟೈಲ್ಸ್ ನೆಲದಲ್ಲಿ. ಚಪ್ಪಡಿ ಕಲ್ಲಿನ ಸಂದಿಗೆ ಗಾಲಿ ಸಿಕ್ಕಿ ನಿಂತೇಬಿಡುತ್ತದೆ.

ಯಾವ ಮಗ್ಗುಲನ್ನು ಗೋಡೆಗೆ ಒತ್ತಬೇಕು ಎಂಬುದರಲ್ಲೂ ಲೆಕ್ಕವಿದೆ. ಜಾವಾ, ಯೆಜ್ಡಿಗಳ ಕಿಕ್ ಎಡಗಡೆ. ಅದೇ ಲಿವರನ್ನು ಮುಂದಕ್ಕೆ ಮಡಚಿದರೆ ಗೇರು, ಹಿಂದಕ್ಕೆ ಎತ್ತಿದರೆ ಕಿಕ್. ಬುಲೆಟ್ಟಿನ ಕಿಕ್ ಬಲಗಡೆ, ಹಳೆಯ ಬುಲೆಟ್ಟಿನಲ್ಲಿ ಗೇರೂ ಬಲಗಡೆಯೇ. ಆದ್ದರಿಂದ ಜಾವಾದವರು ಬಲಮಗ್ಗುಲನ್ನು ಗೋಡೆಗೆ ಕೊಟ್ಟರು, ಬುಲೆಟ್ಟಿನವರು ಎಡಮಗ್ಗುಲನ್ನು. ಬುಲೆಟ್ಟಿನ ಪಕ್ಕದ ಸ್ಟ್ಯಾಂಡು ಇರುವುದೂ ಎಡಕ್ಕೆ. ಆ ಕಡೆ ಗೋಡೆ ಇದ್ದರೆ ಗಾಡಿ ವಾಲಲು ಜಾಗವಿಲ್ಲ, ನಡು ಸ್ಟ್ಯಾಂಡೇ ಗತಿ. ಜಾವಾ ಕೊಂಡಾಗ ಕಟ್ಟಿಸಿದ ಮೋಟು ಗೋಡೆಯನ್ನು ಬುಲೆಟ್ ಬಂದ ಮೇಲೆ ಕೆಡವಿ ಆಚೆ ಕಡೆ ಕಟ್ಟಿಸಿದವರಿದ್ದಾರೆ. ಅಪ್ಪನಿಗೆ ಎರಡು ಸಲದ ಕೂಲಿ ಸಿಕ್ಕಿತು.

ಒಳಗೇ ಕಿಕ್ ಹೊಡೆಯಬಾರದು ಎಂಬುದನ್ನು ಮಾತ್ರ ಎಲ್ಲರೂ ಕಷ್ಟಪಟ್ಟು ಕಲಿತರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡುವ ಜಾವಾ ಮೊದಲ ಕಿಕ್ಕಿಗೆ ಬಿಡುವ ಹೊಗೆ ಬೆಳಕಿಂಡಿ ಒಂದರಿಂದಲೇ ಹೊರಗೆ ಹೋಗಬೇಕು. ಎತ್ತುಗಳು ಕಣ್ಣಿ ಜಗ್ಗಿ ಗೋದಲಿ ಕಿತ್ತವು. ಬುಲೆಟ್ಟಿನದು ಬೇರೆಯೇ ರಗಳೆ. ಹಳೆಯ ಎರಕದ ಇಂಜಿನ್ನು ಆಯಿಲ್ ಸೋರದೆ ಇದ್ದದ್ದನ್ನು ನಾನು ಕಂಡಿಲ್ಲ. ತೊಟ್ಟಿಕ್ಕಿದ ಎಣ್ಣೆ ಹರಿದು ಸೇರುವುದು ಗಂಜಲದ ಕಾಲುವೆಗೆ, ಗಂಜಲ ಹೋಗಿ ಬೀಳುವುದು ತಿಪ್ಪೆಗುಂಡಿಗೆ, ತಿಪ್ಪೆ ಹೋಗುವುದು ಹೊಲಕ್ಕೆ. ತಾಳ್ಯದ ಕಡೆ ಒಬ್ಬ ಹಿರಿಯರು ಇದೇ ಕಾರಣಕ್ಕೆ ಮಗನ ಬುಲೆಟ್ಟನ್ನು ವಾರಗಟ್ಟಲೆ ಹೊರಗೆ ನಿಲ್ಲಿಸಿದ್ದರು. ಇಂಜಿನ್ನಿನ ಕೆಳಗೆ ಮರಳು ತುಂಬಿದ ತಗಡಿನ ತಟ್ಟೆ ಇಟ್ಟ ಮೇಲೆ ರಾಜಿಯಾಯಿತು. ನಿಯಮ ಎಂದು ಯಾರೂ ಬರೆದಿಡದಿದ್ದರೂ ತಟ್ಟೆ ಮಾತ್ರ ಎಲ್ಲ ಮನೆಗೂ ಬಂತು.

ಹೊಸದುರ್ಗದಲ್ಲಿ ಸಮಸ್ಯೆ ಇದ್ದದ್ದು ನೆಲದಲ್ಲಲ್ಲ, ತಲೆಯ ಮೇಲೆ. ಅಲ್ಲಿ ತೆಂಗಿನ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಅಟ್ಟದ ಕೆಳಗೆ ದನ. ಕಾಯಿಯ ಭಾರಕ್ಕೆ ಅಟ್ಟವನ್ನು ತಗ್ಗಾಗಿಯೇ ಕಟ್ಟಿರುತ್ತಾರೆ, ಆಳು ತಲೆ ಬಗ್ಗಿಸಿ ನಡೆಯಬೇಕು. ಬೈಕು ಅಲ್ಲಿ ಚೆನ್ನಾಗಿಯೇ ಕೂತಿತು. ಬೈಕಿನ ಮೇಲೆ ಮನುಷ್ಯ ಕೂರಲಾಗಲಿಲ್ಲ. ಶ್ರೀರಾಂಪುರದ ಹತ್ತಿರ ಅಂಥ ಒಂದು ಮನೆಯಲ್ಲಿ ಅಟ್ಟವನ್ನೇ ಮೂರು ಅಡಿ ಹಿಂದಕ್ಕೆ ಸರಿಸಿ ಕೊಟ್ಟಿದ್ದೇನೆ. ಇನ್ನು ಇಲಿ. ಕೊಬ್ಬರಿ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ, ಕೊಬ್ಬರಿ ತಿಂದು ಬೇಸರವಾದಾಗ ಸೀಟಿನ ಸ್ಪಂಜು, ವೈರು. ಹೊಸದುರ್ಗದ ಮೆಕ್ಯಾನಿಕ್ಕುಗಳಿಗೆ ವೈರಿಂಗ್ ಕೆಲಸದಲ್ಲಿ ಕೈ ಪಳಗಿದ್ದರೆ ಅದರ ಅರ್ಧ ಪುಣ್ಯ ಇಲಿಗಳದು.

ಹಿರಿಯೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಇಕ್ಕಟ್ಟು ಕಡಿಮೆ. ವೇದಾವತಿಗೆ ಮಾರಿಕಣಿವೆಯಲ್ಲಿ 1898ರಿಂದ 1907ರ ನಡುವೆ ವಾಣಿವಿಲಾಸ ಸಾಗರ ಕಟ್ಟಿದ ಮೇಲೆ ನಾಲೆಯ ಬಯಲಿನಲ್ಲಿ ಎದ್ದ ಮನೆಗಳು ಗದ್ದೆ, ಕಬ್ಬು, ತೆಂಗಿನ ಮನೆಗಳು. ಅವಕ್ಕೆ ಅಂಗಳ ಇದೆ, ಗಾಡಿ ನಿಲ್ಲಿಸುವ ಚಪ್ಪರ ಇದೆ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಊರಾದ್ದರಿಂದ ಲಾರಿ ಷೆಡ್ಡುಗಳಿಗೂ ಕೊರತೆಯಿಲ್ಲ. ಷೆಡ್ಡಿನ ಮೂಲೆಯಲ್ಲಿ ಬುಲೆಟ್ಟಿಗೆ ಜಾಗ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಹಿರಿಯೂರಿನಿಂದ ನನಗೆ ಬೈಕಿನ ಕೆಲಸ ಬಂದದ್ದು ಹೊಸ ಬಡಾವಣೆಗಳು ಎದ್ದ ಮೇಲೆ.

ದುರ್ಗದ ಪೇಟೆಯ ಕಥೆ ಬೇರೆ. ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ನೋಡಿದವರಿಗೆ ಗೊತ್ತು, ಒಂದು ಬಾಗಿಲು ದಾಟಿದ ಕೂಡಲೇ ದಾರಿ ಮಗ್ಗುಲಿಗೆ ತಿರುಗುತ್ತದೆ. ಆನೆಗೆ ಓಡಿಬಂದು ಗುದ್ದಲು ಜಾಗ ಸಿಗಬಾರದು ಎಂಬ ಉಪಾಯ. ಉದ್ದವಾದ, ಭಾರವಾದ ವಸ್ತುವೊಂದನ್ನು ಇಕ್ಕಟ್ಟಿನಲ್ಲಿ ತಿರುಗಿಸುವುದು ಎಷ್ಟು ಕಷ್ಟ ಎಂಬುದನ್ನು ನಾಯಕರ ಕಾಲದ ಕಲ್ಲುಕುಟಿಗರು ನಮಗಿಂತ ಚೆನ್ನಾಗಿ ಬಲ್ಲವರು. 1779ರಲ್ಲಿ ಹೈದರಾಲಿ ಕೋಟೆ ಹಿಡಿದ; ನಾಯಕರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಕೋಟೆಯ ಕೆಳಗಿನ ದೊಡ್ಡಪೇಟೆ, ಚಿಕ್ಕಪೇಟೆಗಳು ಮಾತ್ರ ಇಕ್ಕಟ್ಟಾಗಿಯೇ ಬೆಳೆದವು. ಅಲ್ಲಿನವರು ವ್ಯಾಪಾರಿಗಳು, ಕಸುಬುದಾರರು. ಹಸು ಇದ್ದರೆ ಹಿತ್ತಲಿನಲ್ಲಿ. ಹಾಗಾಗಿ ಮುಂಬಾಗಿಲಲ್ಲಿ ದನದ ಅಂಕಣವಿಲ್ಲ. ಬದಲಿಗೆ ಎರಡಡಿ ಎತ್ತರದ ಜಗಲಿ, ಅದಕ್ಕೆ ಮೂರು ಮೆಟ್ಟಿಲು, ಮೆಟ್ಟಿಲ ಬುಡಕ್ಕೆ ಚರಂಡಿ, ಚರಂಡಿಯಾಚೆ ಆರೇಳು ಅಡಿಯ ಓಣಿ.

ಈಗ ಲೆಕ್ಕ ಹಾಕಿ. ಎರಡಡಿ ಏರಲು ತಳ್ಳಿಕೊಂಡು ಹೋಗುವ ಇಳಿಜಾರಿಗೆ ಕನಿಷ್ಠ ಎಂಟಡಿ ಉದ್ದ ಬೇಕು. ಓಣಿಯೇ ಅಷ್ಟಿಲ್ಲ. ನೇರವಾಗಿ ಇಳಿಜಾರು ಹಾಕಿದರೆ ಎದುರು ಮನೆಯವರ ಮೆಟ್ಟಿಲಿಗೆ ಹೋಗಿ ತಾಗುತ್ತದೆ. ಜಗಲಿಯ ಉದ್ದಕ್ಕೇ ಕಡಿದು ಇಳಿಜಾರು ಮಾಡಿದರೆ ಏರುವುದೇನೋ ಏರಿತು, ಮೇಲೆ ಹೋದ ಮೇಲೆ ಮೂರಡಿ ಅಗಲದ ಜಗಲಿಯಲ್ಲಿ 7 ಅಡಿಯ ಗಾಡಿಯನ್ನು ಬಾಗಿಲಿಗೆ ತಿರುಗಿಸುವುದು ಹೇಗೆ? ಕೋಟೆಯ ಬಾಗಿಲಲ್ಲಿ ಆನೆಗಾದ ಗತಿ. ಎಪ್ಪತ್ತರ ದಶಕದ ಕೊನೆಯಿಂದ ಪೇಟೆಯವರು ಒಬ್ಬೊಬ್ಬರಾಗಿ ಕಂಡುಕೊಂಡ ಪರಿಹಾರ ಎಂದರೆ ಜಗಲಿಯನ್ನು ಪೂರ್ತಿ ಒಡೆಯುವುದು. ಬಾಗಿಲಿನ ಒಂದು ಕಡೆಯ ಜಗಲಿ ತೆಗೆದು, ಅದರ ಹಿಂದಿನ ಗೋಡೆಯಲ್ಲಿ ರಸ್ತೆಯ ಮಟ್ಟಕ್ಕೆ ಇನ್ನೊಂದು ಬಾಗಿಲು ಇಟ್ಟು, ಒಳಗಿನ ನೆಲವನ್ನು ಒಂದು ಕೋಣೆಯಷ್ಟು ಅಗೆದು ತಗ್ಗಿಸುವುದು. ಎಂದರೆ ಹಳ್ಳಿಯ ಮನೆಯಲ್ಲಿ ಎತ್ತಿಗಾಗಿ ಮೊದಲೇ ಇದ್ದ ತಗ್ಗು ಅಂಕಣವನ್ನು ಪೇಟೆಯ ಮನೆಯಲ್ಲಿ ಹೊಸದಾಗಿ ತೋಡುವುದು. ಹೀಗೆ ತೋಡಿದ ಹಲವು ಮನೆಗಳ ಪ್ಲಾನುಗಳು ನನ್ನ ಬೀರುವಿನಲ್ಲಿವೆ.

ಮುಂಬಾಗಿಲನ್ನೇ ಅಗಲ ಮಾಡಬಾರದೇ ಎಂದು ಕೇಳಬಹುದು. ಮಾಡಬಹುದಿತ್ತು, ಆಯ ಅಡ್ಡ ಬರುತ್ತಿತ್ತು. ಹಳೆಯ ಮನೆಗಳೆಲ್ಲ ಧ್ವಜಾಯ, ಸಿಂಹಾಯ, ವೃಷಭಾಯ, ಗಜಾಯ ಎಂದು ಲೆಕ್ಕ ನೋಡಿ ಕಟ್ಟಿದವು. ಬಾಗಿಲುವಾಡ ಅರ್ಧ ಅಡಿ ಸರಿದರೂ ಆಯ ಕೆಟ್ಟು ಶ್ವಾನಕ್ಕೋ ಖರಕ್ಕೋ ಹೋಗುತ್ತದೆ ಎಂಬ ಹೆದರಿಕೆ. ನನಗೆ ಇದರಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಈ ಹೆದರಿಕೆಯಿಂದ ಎಷ್ಟೋ ಒಳ್ಳೆಯ ಕೆತ್ತನೆಯ ಬಾಗಿಲುವಾಡಗಳು ಉಳಿದುಕೊಂಡವು ಎಂಬುದೂ ನಿಜ. ಜಗಲಿಗೆ ಅಂಥ ಕಾವಲು ಯಾವುದೂ ಇರಲಿಲ್ಲ. ಸಂಜೆ ಹೊತ್ತು ಹೆಂಗಸರು ಅಕ್ಕಿ ಆರಿಸುತ್ತಿದ್ದ, ಗಂಡಸರು ಚೌಕಾಬಾರ ಆಡುತ್ತಿದ್ದ, ದಾರಿಹೋಕರು ಗಂಟು ಇಳಿಸಿ ಕೂರುತ್ತಿದ್ದ ಕಲ್ಲಿನ ಜಗಲಿಗಳು ಹೋದದ್ದಕ್ಕೆ ರಸ್ತೆ ಅಗಲೀಕರಣವನ್ನು ದೂರುವವರಿದ್ದಾರೆ. ಅಗಲೀಕರಣ ಬರುವ ಮೊದಲೇ ಅರ್ಧ ಜಗಲಿಗಳನ್ನು ನಾವೇ ಬೈಕಿಗೆ ಕೊಟ್ಟಿದ್ದೆವು. ಈ ಮಾತು ಪೇಟೆಯವರಿಗೆ ಇಷ್ಟವಾಗುವುದಿಲ್ಲ.

ಎಂಬತ್ತರ ದಶಕದಲ್ಲಿ ಎಲ್ಲ ಸಣ್ಣದಾಯಿತು. 1980ರಲ್ಲಿ ಬಂದ ಟಿವಿಎಸ್ 50 ಮೊಪೆಡ್ಡನ್ನು ಇಬ್ಬರು ಎತ್ತಿ ಜಗಲಿಯ ಮೇಲಿಡುತ್ತಿದ್ದರು. ಹಲಗೆಯೂ ಬೇಡ, ತೋಡುವುದೂ ಬೇಡ. 1985ರಲ್ಲಿ ಹೀರೋ ಹೋಂಡಾದ 100 ಸಿ.ಸಿ. ಬೈಕು ಬಂತು. ಹಗುರ, ಎಣ್ಣೆ ಸೋರದು, ಒಂದು ಲೀಟರಿಗೆ ಊರೂರು ಸುತ್ತಬಹುದು. ಅದೇ ಹೊತ್ತಿಗೆ ಮಾಳಿಗೆ ಮನೆ ಬಿದ್ದು ಆರ್.ಸಿ.ಸಿ. ಮನೆ ಏಳತೊಡಗಿತು. ಊರಾಚೆ 30×40, ಆಮೇಲೆ 20×30 ಅಡಿಯ ಸೈಟು. ಟ್ರ್ಯಾಕ್ಟರು ಬಂದ ಮೇಲೆ ಹಳ್ಳಿಯಲ್ಲೂ ಎತ್ತು ಕಡಿಮೆಯಾದವು, ಹೊಸ ಮನೆಯಲ್ಲಿ ದನದ ಅಂಕಣ ಎಂಬುದೇ ಪ್ಲಾನಿನಿಂದ ಹೋಯಿತು. ಬೈಕಿಗೆ ಮೆಟ್ಟಿಲ ಕೆಳಗಿನ ಮೂಲೆ ಸಾಕು ಎಂದು ನಾವೆಲ್ಲ ಬರೆದೆವು. ಆಗಿನ ಬೈಕಿಗೆ ಅದು ಸಾಕೂ ಆಗಿತ್ತು.

ಆಮೇಲೆ ಮನೆ ಸಣ್ಣದಾಗಿಯೇ ಉಳಿಯಿತು, ಬೈಕು ಮತ್ತೆ ದೊಡ್ಡದಾಯಿತು. 2009ರಲ್ಲಿ ಕ್ಲಾಸಿಕ್ 350 ಬಂದ ಮೇಲೆ ಬುಲೆಟ್ಟಿನ ಜಾತಿಗೆ ಹೊಸ ಜೀವ ಬಂತು. 2016ರಲ್ಲಿ ಹಿಮಾಲಯನ್. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳೂ ತಿರುಗಿ ಬಂದವು, ಬೇರೆ ಕಾರ್ಖಾನೆಯಿಂದ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಶುಕ್ರವಾರ ರಾತ್ರಿ 200 ಕಿ.ಮೀ. ಹೆದ್ದಾರಿಯಲ್ಲಿ ಬಂದು ಅಪ್ಪನ ಮನೆಯ ಮುಂದೆ ನಿಲ್ಲುತ್ತಾರೆ. ಆ ಅಪ್ಪಂದಿರು ನನಗೆ ಫೋನು ಮಾಡುತ್ತಾರೆ.

ಹಿರಿಯೂರಿನ ಹೊಸ ಬಡಾವಣೆಯಲ್ಲಿ 20×30 ಸೈಟಿನ ಒಂದು ಮನೆಗೆ ಈಚೆಗೆ ಪ್ಲಾನ್ ಬರೆದೆ. ಮಗನದು ಹಿಮಾಲಯನ್: ಉದ್ದ 2190 ಮಿ.ಮೀ., ಎಂದರೆ 7 ಅಡಿ 2 ಅಂಗುಲ. ಮುಂದಿನ ಗಾಜು ಸೇರಿ ಎತ್ತರ ನಾಲ್ಕೂವರೆ ಅಡಿಗೆ ಸ್ವಲ್ಪ ಕಡಿಮೆ. ಅಗಲ 2 ಅಡಿ 9 ಅಂಗುಲ. ತೂಕ ಹತ್ತಿರ ಹತ್ತಿರ 200 ಕೆ.ಜಿ. ಮಾಮೂಲು ಮೆಟ್ಟಿಲು ಹತ್ತು ಹತ್ತು ಮೆಟ್ಟಿನ ಎರಡು ಸಾಲು. ನಡುವಿನ ಲ್ಯಾಂಡಿಂಗ್ 5 ಅಡಿ ಎತ್ತರದಲ್ಲಿ. ಐದು ಅಂಗುಲದ ಸ್ಲ್ಯಾಬು ಕಳೆದರೆ ಅದರ ಕೆಳಗೆ 4 ಅಡಿ 7 ಅಂಗುಲ. ಮುಂದು ಮಾಡಿ ನುಗ್ಗಿಸಿದರೆ ಗಾಜಿಗೂ ಸ್ಲ್ಯಾಬಿಗೂ ಒಂದೂವರೆ ಅಂಗುಲದ ಅಂತರ. ಹಿಂದು ಮಾಡಿ ತಳ್ಳಿದರೆ ಬಾಲದ ಕಡೆ ತಗ್ಗಾದ್ದರಿಂದ ಗಾಡಿ ಸಲೀಸಾಗಿ ಹೋಗುತ್ತದೆ, ಹ್ಯಾಂಡಲ್ ಮೇಲಿನ ಸಾಲಿನ ಎತ್ತರದ ಕಡೆ ನಿಲ್ಲುತ್ತದೆ. ಆದರೆ ಮೂರಡಿ ಅಗಲದಲ್ಲಿ ಪಕ್ಕದಲ್ಲಿ ನಿಂತು ತಳ್ಳಲಾಗದು, ಮೇಲೆ ಕೂತು ಕಾಲಿನಿಂದ ಒತ್ತಬೇಕು. ಕೊನೆಯ ಎರಡಡಿಯಲ್ಲಿ ಕೂತವನ ತಲೆ ಲ್ಯಾಂಡಿಂಗಿನ ಅಂಚಿಗೆ ಹೊಡೆಯುತ್ತದೆ. ಹೊಸದುರ್ಗದ ಅಟ್ಟ ನೆನಪಾಯಿತು. ಕೆಳಗಿನ ಸಾಲಿಗೆ ಹನ್ನೆರಡು ಮೆಟ್ಟು, ಮೇಲಿನ ಸಾಲಿಗೆ ಎಂಟು ಮಾಡಿ ಲ್ಯಾಂಡಿಂಗನ್ನು 6 ಅಡಿಗೆ ಏರಿಸಿದೆ. ಎರಡು ಸಾಲಿನ ನಡುವಿನ ಗೋಡೆಯನ್ನು ಕಟ್ಟದೆ ಬಿಟ್ಟೆ. ಕೆಳಗಿನ ಸಾಲಿನ ತಗ್ಗು ಜಾಗದಲ್ಲಿ ಪಕ್ಕದ ಸ್ಟ್ಯಾಂಡು ಚಾಚಲು, ಹುಡುಗ ಕಾಲಿಟ್ಟು ಇಳಿಯಲು ಅನುಕೂಲ. ಹಾಲ್ ಸುಮಾರು ಒಂದೂಮುಕ್ಕಾಲು ಅಡಿ ಕಳೆದುಕೊಂಡಿತು. ಮನೆಯಾಕೆ ನಕ್ಷೆಯನ್ನು ತುಂಬಾ ಹೊತ್ತು ನೋಡಿದರು.

“ಸಾರ್, ಸೋಫಾ ಹಿಡಿಯಲ್ಲವಲ್ಲ?” ಅಂದರು.

“ಹಿಡಿಯುತ್ತಮ್ಮ, ಮೂರು ಸೀಟಿಂದು ಬೇಡ, ಎರಡು ಸೀಟಿಂದು ತಗೊಳ್ಳಿ.”

ಅವರು ಮಗನ ಕಡೆ ನೋಡಿದರು, ಮಗ ಗೋಡೆಯ ಕಡೆ ನೋಡಿದ. ಪ್ಲಾನಿಗೆ ಸಹಿ ಬಿತ್ತು.

ಹಳೆಯ ಅಂಕಣಗಳು ಇನ್ನೂ ಪೂರ್ತಿ ಹೋಗಿಲ್ಲ. ಕಾರಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿದು ಗೊಂಡೆ ಕಟ್ಟುವ ಹೊತ್ತಿಗೆ, ಎತ್ತಿಲ್ಲದ ಮನೆಯವರು ಬೈಕಿನ ಹ್ಯಾಂಡಲಿಗೆ ಗೊಂಡೆ ಕಟ್ಟಿದ್ದನ್ನು ಬಿ. ದುರ್ಗದ ಕಡೆ ಕಂಡಿದ್ದೇನೆ. ಆಯುಧಪೂಜೆಯಲ್ಲಂತೂ ಹೆಡ್‌ಲೈಟಿಗೆ ಮೂರು ಬೆರಳ ವಿಭೂತಿ ಎಲ್ಲ ಕಡೆ ಇದ್ದದ್ದೇ. ಹೋದ ತಿಂಗಳು ಆ ಕಡೆಯಿಂದಲೇ ಒಬ್ಬರು ಬಂದಿದ್ದರು. ಮಾಳಿಗೆ ಮನೆ, ಒಂಬತ್ತು ಅಂಕಣ, ಬಿಗಿಯಾಗಿದೆ. ಬಹಳ ಕಾಲದಿಂದ ದನದ ಅಂಕಣದಲ್ಲಿ ಬುಲೆಟ್ಟೇ ಇತ್ತು. ಈಗ ಹೆಂಡತಿ ಡೇರಿಗೆ ಹಾಲು ಹಾಕಲೆಂದು ಎರಡು ಸೀಮೆ ಹಸು ತಂದಿದ್ದಾರೆ, ಗಂಜಲದ ಕಾಲುವೆ ಇರುವ ಮಗ್ಗುಲು ತನ್ನ ಹಸುಗಳಿಗೇ ಬೇಕು ಅನ್ನುತ್ತಾರೆ. ಗಂಡ ಅದೇ ಮಗ್ಗುಲಿಗೆ ಎಡಗಡೆ ಒತ್ತಿ ಬುಲೆಟ್ ನಿಲ್ಲಿಸುತ್ತಾ ಬಂದವರು. ಅವರ ಅಜ್ಜನ ಕಾಲದಲ್ಲಿ ನಮ್ಮಪ್ಪ ಕಟ್ಟಿದ ಮೋಟು ಗೋಡೆಯ ಬುಡ ಇನ್ನೂ ಇದೆಯಂತೆ. ಅದನ್ನೇ ಎಬ್ಬಿಸಿ ಬುಲೆಟ್ಟನ್ನು ಆಚೆಗೆ ಕಳಿಸುವುದು ಎಂದು ತೀರ್ಮಾನವಾಗಿದೆ. ಹಸು ಈಯುವುದು ಮುಗಿದ ಮೇಲೆ ಕೆಲಸ ಶುರು. ಅಲ್ಲಿಯವರೆಗೆ ಬುಲೆಟ್ಟು ಬೀದಿಯಲ್ಲಿ, ಟಾರ್ಪಾಲಿನ ಕೆಳಗೆ.